ಕೆಂಪಕ್ಷರ ತೋರಿಸದ ತಪ್ಪುಗಳು

"ಅಕ್ಕ, ಸಾಲಿನ ಕೊನೆಗೆ ಸೆಮಿಕೋಲನ್ ಹಾಕಲೇಬೇಕಾ?" ಜಾವಾಸ್ಕ್ರಿಪ್ಟ್ ಕಲಿಯಲು ಕೂತವರಿಂದ ಮೊದಲ ವಾರದಲ್ಲೇ ಬರುವ ಪ್ರಶ್ನೆ ಇದು. ಬೆನ್ನಿಗೇ ಉಳಿದವೂ ಬರುತ್ತವೆ. ಸಮ ಚಿಹ್ನೆ ಎರಡು ಸಾಕೇ, ಮೂರು ಬೇಕೇ? ಕೋಟ್ ಮಾರ್ಕು ಒಂಟಿಯೋ ಜೋಡಿಯೋ? ಕರ್ಲಿ ಬ್ರಾಕೆಟ್ಟು ಅದೇ ಸಾಲಿನಲ್ಲೋ, ಕೆಳಗಿನ ಸಾಲಿನಲ್ಲೋ? ಎರಡು ಸ್ಪೇಸೋ, ನಾಲ್ಕೋ, ಟ್ಯಾಬೋ? ಕೇಳುವವರು ನಮ್ಮ ಮನೆಗಳ ಮಕ್ಕಳೇ. ಹೋಟೆಲು, ಬ್ಯಾಂಕು, ರೈಲ್ವೆ, ಗಿರಣಿ ಎಂದು ಬಂದು ಥಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿ ಬೇರೂರಿದ ಕನ್ನಡ ಕುಟುಂಬಗಳ ಮುಂದಿನ ತಲೆಮಾರು ಈಗ ಕಲ್ಯಾಣದ ಬಿರ್ಲಾ ಕಾಲೇಜಿನಲ್ಲೋ ಡೊಂಬಿವಲಿಯ ಪೆಂಢರ್ಕರ್ ಕಾಲೇಜಿನಲ್ಲೋ ಓದಿ, ಬೆಳಗಿನ ಲೋಕಲ್‌ನಲ್ಲಿ ಥಾಣೆಗೆ ಬಂದು, ಅಲ್ಲಿ ಟ್ರಾನ್ಸ್‌ಹಾರ್ಬರ್ ಗಾಡಿಗೆ ಬದಲಾಯಿಸಿ ನವಿ ಮುಂಬಯಿಯ ಐರೋಲಿ, ಘನ್ಸೋಲಿ, ಮಹಾಪೆಗಳ ಕಚೇರಿಗಳಿಗೆ ಹೋಗುತ್ತಿದೆ. ಮನೆಯಲ್ಲಿ ಮೊದಲು ಕೋಡ್ ಕಲಿತ ಅಕ್ಕನೇ ಎಷ್ಟೋ ತಮ್ಮಂದಿರಿಗೆ ಮೊದಲ ಗುರು. ಈ ಬರಹ ಆ ಅಕ್ಕ-ತಮ್ಮಂದಿರಿಬ್ಬರಿಗೂ.

ಈ ಪ್ರಶ್ನೆಗಳೆಲ್ಲ ಒಂದೇ ಬಗೆಯವೆಂದು ಕಾಣುತ್ತವೆ. ಹಾಗಲ್ಲ. ಬ್ರಾಕೆಟ್ ಮುಚ್ಚದಿದ್ದರೆ, ಕೋಟ್ ಬಿಟ್ಟುಹೋದರೆ ಯಂತ್ರ ಅಲ್ಲೇ ನಿಲ್ಲುತ್ತದೆ. ಕನ್ಸೋಲಿನಲ್ಲಿ ಕೆಂಪಕ್ಷರದ ಸಾಲು ಬೀಳುತ್ತದೆ, ಸಾಲಿನ ಸಂಖ್ಯೆಯೂ ಸಿಗುತ್ತದೆ. ಕಲಿಯುವವರು ಹೆದರುವುದು ಇದಕ್ಕೇ. ಆದರೆ ಇದು ತಾನಿರುವುದನ್ನು ತಾನೇ ಹೇಳಿಕೊಳ್ಳುವ ತಪ್ಪು, ತಿದ್ದಿದರೆ ಮುಗಿಯಿತು. ಸ್ಪೇಸು, ಟ್ಯಾಬು, ಬ್ರಾಕೆಟ್ಟಿನ ಜಾಗ ಇವುಗಳ ಗೊಡವೆ ಯಂತ್ರಕ್ಕೆ ಬಹುಮಟ್ಟಿಗಿಲ್ಲ. ಅವು ಕೋಡ್ ಓದುವ ಮನುಷ್ಯರಿಗೆ ಸಂಬಂಧಿಸಿದ್ದು. ಇವೆರಡೂ ಅಲ್ಲದ ಮೂರನೆಯ ಗುಂಪೊಂದಿದೆ. ಅಲ್ಲಿ ನಾವು ಬರೆದದ್ದು ಅಸ್ಪಷ್ಟವಾಗಿದ್ದರೂ ಯಂತ್ರ ನಿಲ್ಲುವುದಿಲ್ಲ. ಗಲಾಟೆಯ ಹೊತ್ತಿನಲ್ಲಿ ಆರ್ಡರ್ ಸರಿಯಾಗಿ ಕೇಳಿಸದಿದ್ದರೂ ಮತ್ತೆ ಕೇಳದೆ, ತಾನೇ ಊಹಿಸಿ ತಂದಿಡುವ ಮಾಣಿಯ ಹಾಗೆ, ಅರ್ಥವನ್ನು ತಾನೇ ಕಲ್ಪಿಸಿಕೊಂಡು ಮುಂದೆ ಸಾಗುತ್ತದೆ. ಲೆಕ್ಕ, ತಾರೀಖು, ಹೆಸರು ಕೆಡುವುದು ಇಲ್ಲಿ. ಶೈಲಿಯ ನಿಯಮಗಳಲ್ಲಿ ನಿಜಕ್ಕೂ ಬೆಲೆಯುಳ್ಳವು ಹುಟ್ಟಿದ್ದು ಈ ಮೌನದ ಜಾಗಗಳನ್ನು ಕಾಯುವುದಕ್ಕಾಗಿ. ಅವನ್ನು ಮಿಕ್ಕ ನಿಯಮಗಳಿಂದ ಬೇರೆ ಮಾಡಿ ಕಲಿಸುತ್ತಿಲ್ಲ ಎಂಬುದೇ ನನ್ನ ಕಳವಳ.

ಯಂತ್ರಕ್ಕೆ ಈ ಊಹೆಯ ಅಭ್ಯಾಸ ಬಂದದ್ದಕ್ಕೆ ಚರಿತ್ರೆಯಿದೆ. 1995ರ ಮೇ ತಿಂಗಳಲ್ಲಿ ನೆಟ್‌ಸ್ಕೇಪ್ ಕಂಪನಿಯ ಬ್ರೆಂಡನ್ ಐಕ್ ಹತ್ತೇ ದಿನಗಳಲ್ಲಿ ಜಾವಾಸ್ಕ್ರಿಪ್ಟಿನ ಮೊದಲ ರೂಪವನ್ನು ಕಟ್ಟಿದರು. ವೆಬ್ ಪುಟ ಮಾಡುವ ಸಾಮಾನ್ಯರೂ ನಾಲ್ಕು ಸಾಲು ಬರೆಯುವಂತಿರಬೇಕು, ಸಣ್ಣ ತಪ್ಪಿಗೆ ಇಡೀ ಪುಟ ನಿಂತುಹೋಗಬಾರದು ಎಂಬುದು ಆಗಿನ ಆಸೆ. ಅದೇ ವರ್ಷದ ಜೂನ್‌ನಲ್ಲಿ ರಾಸ್ಮಸ್ ಲೆರ್ಡಾರ್ಫ್ ತಮ್ಮ ಸ್ವಂತ ಪುಟಕ್ಕೆಂದು ಮಾಡಿಕೊಂಡಿದ್ದ ಸಲಕರಣೆಗಳನ್ನು ಪಿಎಚ್‌ಪಿ ಎಂಬ ಹೆಸರಿನಲ್ಲಿ ಹೊರಬಿಟ್ಟರು. ಎರಡೂ ಭಾಷೆಗಳು ಕ್ಷಮಾಗುಣದವು. 1997ರಲ್ಲಿ ಜಾವಾಸ್ಕ್ರಿಪ್ಟಿಗೆ ಅಧಿಕೃತ ಮಾನಕ ಬರುವ ಹೊತ್ತಿಗೆ ಲೆಕ್ಕವಿಲ್ಲದಷ್ಟು ಪುಟಗಳು ಆ ಸಡಿಲ ನಡೆಯನ್ನೇ ನೆಚ್ಚಿಕೊಂಡಿದ್ದವು. ಆಮೇಲೆ ತಪ್ಪೆಂದು ಗೊತ್ತಾದರೂ ತೆಗೆದರೆ ಹಳೆಯ ಪುಟಗಳು ಒಡೆಯುತ್ತವೆ. ಹಾಗಾಗಿ ಹೊಸತು ಸೇರುತ್ತ ಹೋಯಿತೇ ಹೊರತು ಹಳೆಯದು ಹೋಗಲಿಲ್ಲ.

ಈಗ ಸೆಮಿಕೋಲನ್ ವಿಷಯ. ಹಾಕದಿದ್ದರೂ ನಡೆಯುತ್ತದೆ ಎನ್ನುವುದು ನಿಜ. ಸಾಲು ಮುಗಿದ ಕಡೆ, ಮುಂದಿನ ಪದದೊಂದಿಗೆ ಸೇರಿಸಿ ಓದಿದರೆ ವ್ಯಾಕರಣ ಕೆಡುತ್ತದೆ ಎಂದಾದಾಗ, ಜಾವಾಸ್ಕ್ರಿಪ್ಟ್ ತಾನೇ ಅಲ್ಲೊಂದು ಸೆಮಿಕೋಲನ್ ಇದೆಯೆಂದು ಭಾವಿಸುತ್ತದೆ. ಇಲ್ಲಿ ಎರಡು ಅಪಾಯಗಳಿವೆ, ಒಂದಕ್ಕೊಂದು ತದ್ವಿರುದ್ಧವಾದವು. ಮೊದಲನೆಯದು, ಬೇಡದ ಕಡೆ ಸೇರಿಸಿಕೊಳ್ಳುವುದು. 'ರಿಟರ್ನ್' ಎಂದು ಬರೆದು ಎಂಟರ್ ಒತ್ತಿ, ಹಿಂದಿರುಗಿಸಬೇಕಾದ ಮೌಲ್ಯವನ್ನು ಕೆಳಗಿನ ಸಾಲಿನಲ್ಲಿ ಬರೆದಿರಿ ಎನ್ನಿ. ಆ ಪದದ ನಂತರ ಸಾಲು ಮುರಿಯಬಾರದು ಎಂಬುದು ಭಾಷೆಯ ಕಟ್ಟುಪಾಡು. ಯಂತ್ರ 'ರಿಟರ್ನ್' ಆದೊಡನೆ ವಾಕ್ಯ ಮುಗಿಯಿತೆಂದುಕೊಂಡು ಬರಿಗೈಯಲ್ಲಿ ಹಿಂದಿರುಗುತ್ತದೆ. ಕೆಳಗಿನ ಸಾಲು ಓಡುವುದೇ ಇಲ್ಲ. ಹಲವು ಸಂದರ್ಭಗಳಲ್ಲಿ ಯಾವ ಕೆಂಪಕ್ಷರವೂ ಕಾಣುವುದಿಲ್ಲ. ಕರ್ಲಿ ಬ್ರಾಕೆಟ್ಟನ್ನು ಅದೇ ಸಾಲಿನಲ್ಲಿ ತೆರೆಯಿರಿ ಎಂದು ಜಾವಾಸ್ಕ್ರಿಪ್ಟ್ ಕಲಿಸುವವರು ಒತ್ತಿ ಹೇಳುವುದಕ್ಕೆ ಇದೊಂದು ಗಟ್ಟಿ ಕಾರಣ. ಬೇರೆ ಎಷ್ಟೋ ಭಾಷೆಗಳಲ್ಲಿ ಅದು ಬರೀ ಅಭಿರುಚಿ. ಇಲ್ಲಿ 'ರಿಟರ್ನ್' ಜೊತೆ ಅರ್ಥವೇ ಬದಲಾಗುತ್ತದೆ.

ಎರಡನೆಯದು, ಬೇಕಾದ ಕಡೆ ಸೇರಿಸಿಕೊಳ್ಳದಿರುವುದು. ಹೊಸ ಸಾಲು ( ಅಥವಾ [ ಚಿಹ್ನೆಯಿಂದ ಆರಂಭವಾದರೆ, ಹಿಂದಿನ ಸಾಲಿಗೆ ಸೆಮಿಕೋಲನ್ ಇಲ್ಲದಿದ್ದರೆ, ಎರಡನ್ನೂ ಬೆಸೆದು ಓದಲು ವ್ಯಾಕರಣದಲ್ಲಿ ಅಡ್ಡಿಯಿಲ್ಲ. ಯಂತ್ರ ಬೆಸೆದೇ ಬಿಡುತ್ತದೆ. ಈ ವಿಚಾರ 2012ರ ಏಪ್ರಿಲ್‌ನಲ್ಲಿ ಜಗಳವಾಗಿ ಸಿಡಿದಿತ್ತು. ಬೂಟ್‌ಸ್ಟ್ರಾಪ್ ಎಂಬ ಜನಪ್ರಿಯ ಸಲಕರಣೆಯ ಕೋಡಿನಲ್ಲಿ ಒಂದು ಸಾಲಿನ ಕೊನೆಗೆ ಸೆಮಿಕೋಲನ್ ಇರಲಿಲ್ಲ, ಮುಂದಿನ ಸಾಲು ಉದ್ಗಾರ ಚಿಹ್ನೆಯಿಂದ ಶುರುವಾಗಿತ್ತು. ಬ್ರೌಸರ್‌ಗಳು ಅದನ್ನು ಸರಿಯಾಗಿಯೇ ಓದುತ್ತಿದ್ದವು. ಆದರೆ ಕೋಡನ್ನು ಕುಗ್ಗಿಸುವ ಡಗ್ಲಸ್ ಕ್ರಾಕ್‌ಫರ್ಡ್ ಅವರ ಜೆಎಸ್‌ಮಿನ್ ಅದರ ಮುಂದೆ ಎಡವಿತು. ಬರೆದವರು ನಿಯಮ ಮುರಿದಿಲ್ಲವೆಂದರು, ಕ್ರಾಕ್‌ಫರ್ಡ್ ತಮ್ಮ ಸಲಕರಣೆ ಬದಲಿಸಲು ಒಪ್ಪಲಿಲ್ಲ, ಜಗತ್ತಿನ ಪ್ರೋಗ್ರಾಮರುಗಳು ಎರಡು ಪಾಳಯವಾದರು. ಇಂದಿಗೂ 'ಸ್ಟ್ಯಾಂಡರ್ಡ್' ಎಂಬ ಹೆಸರಿನ ಶೈಲಿಕೂಟ ಸೆಮಿಕೋಲನ್ ಬೇಡವೆನ್ನುತ್ತದೆ. ಏರ್‌ಬಿಎನ್‌ಬಿ ಕಂಪನಿ ಪ್ರಕಟಿಸಿದ ಶೈಲಿಸೂತ್ರ ಕಡ್ಡಾಯವೆನ್ನುತ್ತದೆ. ಹೊಸಬರಿಗೆ ನನ್ನ ಮಾತು ಸ್ಪಷ್ಟ: ಹಾಕಿ. ಬಿಡಬೇಕಾದರೆ ಎಲ್ಲೆಲ್ಲಿ ಬಿಡಬಾರದೆಂಬ ಪಟ್ಟಿ ತಲೆಯಲ್ಲಿರಬೇಕು. ಹಾಕುವವರಿಗೆ ಆ ಹೊರೆ ಬಹಳ ಕಡಿಮೆ. ಅಂದಹಾಗೆ ಪಿಎಚ್‌ಪಿಯಲ್ಲಿ ಈ ಚರ್ಚೆಯೇ ಇಲ್ಲ, ಹಾಕದಿದ್ದರೆ ಅದು ಓಡಲು ಒಪ್ಪುವುದಿಲ್ಲ.

ಸಮ ಚಿಹ್ನೆಯ ಪ್ರಶ್ನೆ ಇದಕ್ಕಿಂತ ಆಳವಾದದ್ದು. ಒಂದು = ಎಂದರೆ ಹೋಲಿಕೆಯಲ್ಲ, 'ಇದರಲ್ಲಿ ಇದನ್ನು ಇಡು' ಎಂಬ ಆಜ್ಞೆ. ಶಾಲೆಯ ಗಣಿತದಿಂದ ಬಂದವರಿಗೆ ಮೊದಲ ಪೆಟ್ಟು ಇಲ್ಲೇ: 'ಬಾಕಿ ಸೊನ್ನೆಯೇ' ಎಂದು ಕೇಳಲು ಹೋಗಿ ಒಂದೇ ಚಿಹ್ನೆ ಬರೆದರೆ, ಯಂತ್ರ ಬಾಕಿಯನ್ನು ಸೊನ್ನೆ ಮಾಡಿ ಮುಂದೆ ಹೋಗುತ್ತದೆ. ವರ್ಡ್‌ಪ್ರೆಸ್‌ನ ಪಿಎಚ್‌ಪಿ ನಿಯಮಾವಳಿ ಇದಕ್ಕೆಂದೇ ಸ್ಥಿರ ಮೌಲ್ಯವನ್ನು ಎಡಕ್ಕೆ ಬರೆಯಲು ಹೇಳುತ್ತದೆ. '0 === ಬಾಕಿ' ಎಂಬ ಕ್ರಮ ಓದಲು ತಲೆಕೆಳಗು. ಆದರೆ ಕೈತಪ್ಪಿ ಒಂದೇ ಚಿಹ್ನೆ ಬಿದ್ದರೆ ಸೊನ್ನೆಯೊಳಗೆ ಏನನ್ನೂ ಇಡಲಾಗದೆ ಯಂತ್ರ ಕೂಗುತ್ತದೆ. ಮೌನದ ತಪ್ಪನ್ನು ಕೂಗುವ ತಪ್ಪನ್ನಾಗಿ ಮಾರ್ಪಡಿಸುವ ಜಾಣ ಉಪಾಯ ಅದು.

ಇನ್ನು ==. ಎರಡು ಬದಿಗಳ ಜಾತಿ ಬೇರೆಯಾದರೆ, ಒಂದು ಪಠ್ಯ ಇನ್ನೊಂದು ಸಂಖ್ಯೆ ಎಂದಿದ್ದರೆ, ಅದು ಸಮನಾಗಿಸಿಕೊಂಡು ಹೋಲಿಸುತ್ತದೆ. ಜಾವಾಸ್ಕ್ರಿಪ್ಟಿನಲ್ಲಿ ಖಾಲಿ ಪಠ್ಯ ಸೊನ್ನೆಗೆ ಸಮ, "0" ಎಂಬ ಪಠ್ಯವೂ ಸೊನ್ನೆಗೆ ಸಮ. ಆದರೆ ಖಾಲಿ ಪಠ್ಯವೂ "0" ಪಠ್ಯವೂ ಪರಸ್ಪರ ಸಮವಲ್ಲ. ಇದನ್ನು ತಲೆಯಲ್ಲಿಟ್ಟುಕೊಂಡು ಕೆಲಸ ಮಾಡಲು ಸಾಧ್ಯವಿಲ್ಲ, ಇಟ್ಟುಕೊಳ್ಳಬೇಕಾದ ಅಗತ್ಯವೂ ಇಲ್ಲ. === ಜಾತಿಯನ್ನೂ ಮೌಲ್ಯವನ್ನೂ ಇದ್ದ ಹಾಗೆಯೇ ನೋಡುತ್ತದೆ, ಊಹೆ ಮಾಡುವುದಿಲ್ಲ. ಪಿಎಚ್‌ಪಿಯಲ್ಲಿ ಪರಿಸ್ಥಿತಿ ಇನ್ನೂ ಕೆಟ್ಟದಿತ್ತು. ಎಂಟನೆಯ ಆವೃತ್ತಿಗೆ ಮುಂಚೆ ಯಾವುದೇ ಮಾಮೂಲಿ ಪದವನ್ನು ಸೊನ್ನೆಯೊಂದಿಗೆ == ಹಾಕಿ ಹೋಲಿಸಿದರೆ 'ಸಮ' ಎಂಬ ಉತ್ತರವೇ ಬರುತ್ತಿತ್ತು. 2020ರ ನವೆಂಬರ್ 26ರಂದು ಹೊರಬಂದ ಪಿಎಚ್‌ಪಿ 8 ಅದನ್ನು ತಿದ್ದಿತು. ಆದರೆ ಸಂಖ್ಯೆಯಂತೆ ಕಾಣುವ ಪಠ್ಯಗಳ ವಿಷಯ ಉಳಿದೇ ಇದೆ. ಸೊನ್ನೆಯ ಪಕ್ಕ 'ಇ' ಎಂಬ ರೋಮನ್ ಅಕ್ಷರ, ಆಮೇಲೆ ಬರೀ ಅಂಕಿಗಳಿದ್ದರೆ ಪಿಎಚ್‌ಪಿ ಅದನ್ನು 'ಸೊನ್ನೆ ಗುಣಿಸು ಹತ್ತರ ಇಂತಿಷ್ಟನೆಯ ಘಾತ', ಅಂದರೆ ಸೊನ್ನೆ ಎಂದೇ ಓದುತ್ತದೆ. 240610708 ಎಂಬ ಪಠ್ಯವನ್ನು ಎಂಡಿ5 ಸೂತ್ರದಲ್ಲಿ ಹಾಕಿದರೆ ಬರುವ ಗುಪ್ತರೂಪ ಇಂಥದ್ದು. ಅಂಥ ಎರಡು ಬೇರೆ ಬೇರೆ ಗುಪ್ತರೂಪಗಳನ್ನು == ಒಂದೇ ಎನ್ನುತ್ತದೆ. ಪಾಸ್‌ವರ್ಡ್ ಪರೀಕ್ಷೆಯನ್ನು ಹೀಗೆ ಬರೆದಿದ್ದ ಹಳೆಯ ತಾಣಗಳಿಗೆ ಬೇರೆಯವರು ಬಾಗಿಲು ತೆರೆದುಕೊಂಡು ಬರಬಹುದಿತ್ತು. ಮೂರನೆಯ ಗೆರೆ ಹಾಕುವುದು ಶೈಲಿಯ ಮಾತಷ್ಟೇ ಎನ್ನುವವರಿಗೆ ಇದನ್ನು ತೋರಿಸಬೇಕು.

ನಮ್ಮ ಊರುಗಳ ಅತಿ ಸಾಮಾನ್ಯ ಕೆಲಸವೊಂದನ್ನು ತೆಗೆದುಕೊಳ್ಳೋಣ: ಹೌಸಿಂಗ್ ಸೊಸೈಟಿಯ ಮೇಂಟೆನೆನ್ಸ್ ಬಿಲ್ಲು. ಕಲಿಯುತ್ತಿರುವ ಹುಡುಗನಿಗೆ ಕಾರ್ಯದರ್ಶಿಗಳು "ನಮ್ಮದೊಂದು ಪುಟ ಮಾಡಿಕೊಡಪ್ಪ" ಎನ್ನುವುದು ಸಹಜ. ಬಾಕಿ 2500, ದಂಡ 150. ಪೆಟ್ಟಿಗೆಗಳಲ್ಲಿ ತುಂಬಿ ಕೂಡಿಸಿದರೆ ಪುಟ 2500150 ಎಂದು ತೋರಿಸುತ್ತದೆ. ಪುಟದ ಪೆಟ್ಟಿಗೆಯಿಂದ ಬರುವುದೆಲ್ಲ ಪಠ್ಯ, ಜಾವಾಸ್ಕ್ರಿಪ್ಟಿನಲ್ಲಿ + ಪಠ್ಯಗಳನ್ನು ಜೋಡಿಸುತ್ತದೆ. ವಿಚಿತ್ರವೆಂದರೆ ಅದೇ ಪೆಟ್ಟಿಗೆಗಳನ್ನು ಕಳೆದರೆ 2350 ಎಂದು ಸರಿಯಾಗಿ ಬರುತ್ತದೆ, ಗುಣಿಸಿದರೂ ಸರಿ. ಆ ಚಿಹ್ನೆಗಳಿಗೆ ಪಠ್ಯದ ಮೇಲೆ ಬೇರೆ ಅರ್ಥವಿಲ್ಲವಾದ್ದರಿಂದ ಯಂತ್ರ ಸಂಖ್ಯೆಯಾಗಿ ಬದಲಿಸಿಕೊಳ್ಳುತ್ತದೆ. ಪಿಎಚ್‌ಪಿಯಲ್ಲಿ ಜೋಡಿಸಲು ಚುಕ್ಕೆ ಇದೆ, + ಯಾವಾಗಲೂ ಸಂಖ್ಯೆಗಳನ್ನೇ ಕೂಡಿಸುತ್ತದೆ, ಹಾಗಾಗಿ ಅಲ್ಲಿ 2650. ಎರಡು ಭಾಷೆಗಳನ್ನು ಒಟ್ಟಿಗೆ ಕಲಿಯುವವರು ದಾರಿ ತಪ್ಪುವುದರಲ್ಲಿ ಆಶ್ಚರ್ಯವಿಲ್ಲ.

ಪಠ್ಯವನ್ನು ಸಂಖ್ಯೆ ಮಾಡಿಕೊಳ್ಳಿ ಎಂಬುದೇ ಪರಿಹಾರ. ಅದರಲ್ಲೂ ಎಚ್ಚರ ಬೇಕು. ನಾವು ಹಣ ಬರೆಯುವಾಗ ಅಲ್ಪವಿರಾಮ ಹಾಕುವವರು. ಯಾರೋ 2,500 ಎಂದು ತುಂಬಿದರೆ 'ಪಾರ್ಸ್‌ಇಂಟ್' ಎಂಬ ಸಲಕರಣೆ ಅಲ್ಪವಿರಾಮದ ತನಕ ಓದಿ 2 ಎಂದು ಕೊಡುತ್ತದೆ. ಎರಡೂವರೆ ಸಾವಿರ ಎರಡು ರೂಪಾಯಿಯಾಯಿತು, ಒಂದು ಸದ್ದಿಲ್ಲ. 'ನಂಬರ್' ಎಂಬ ಇನ್ನೊಂದು ಸಲಕರಣೆ ಇದಕ್ಕೆ 'ಸಂಖ್ಯೆಯಲ್ಲ' ಎಂದು ಪ್ರಾಮಾಣಿಕವಾಗಿ ಹೇಳುತ್ತದೆ. ಆದರೆ ಪೆಟ್ಟಿಗೆ ಖಾಲಿಯಿದ್ದರೆ ಅದೂ ಸೊನ್ನೆ ಎಂದುಬಿಡುತ್ತದೆ. ಹಣ ಕಟ್ಟಬೇಕಾದವರು ಏನೂ ತುಂಬದಿರುವುದೂ ಸೊನ್ನೆ ತುಂಬಿರುವುದೂ ಲೆಕ್ಕದವರಿಗೆ ಒಂದೇ ಅಲ್ಲ. ಕನ್ನಡ ಅಂಕಿಯಲ್ಲಿ ೨೫೦೦ ಎಂದು ತುಂಬಿದರೆ ಎರಡೂ ಒಪ್ಪುವುದಿಲ್ಲ. ಇನ್ನು ಪೈಸೆಯ ಲೆಕ್ಕವನ್ನು ದಶಮಾಂಶದಲ್ಲಿ ಇಡಬೇಡಿ, ಒಟ್ಟು ಪೈಸೆಯಾಗಿ ಪೂರ್ಣಾಂಕದಲ್ಲಿಡಿ, 0.1 ಮತ್ತು 0.2 ಕೂಡಿದರೆ ಈ ಭಾಷೆಯಲ್ಲಿ 0.30000000000000004 ಬರುತ್ತದೆ.

ಅದೇ ಬಿಲ್ಲನ್ನು ಫ್ಲ್ಯಾಟ್ ಸಂಖ್ಯೆಯ ಕ್ರಮದಲ್ಲಿ ಜೋಡಿಸಲು ಹೋದಾಗ ಇನ್ನೊಂದು ಹೊಂಚು. ಜಾವಾಸ್ಕ್ರಿಪ್ಟಿನ 'ಸಾರ್ಟ್' ಬೇರೆ ಸೂಚನೆ ಕೊಡದಿದ್ದರೆ ಸಂಖ್ಯೆಗಳನ್ನೂ ಅಕ್ಷರಗಳಂತೆ ಜೋಡಿಸುತ್ತದೆ. ಡೊಂಬಿವಲಿಯ ನಾಲ್ಕು ಮಾಳಿಗೆಯ ಹಳೆಯ ಕಟ್ಟಡದಲ್ಲಿ 101ರಿಂದ 404ರ ತನಕ ಎಲ್ಲ ಮೂರಂಕಿ, ವರ್ಷಗಟ್ಟಲೆ ಸರಿಯಾಗಿಯೇ ನಡೆಯುತ್ತದೆ. ಅದೇ ಕೋಡನ್ನು ಥಾಣೆಯ ಘೋಡ್‌ಬಂದರ್ ರಸ್ತೆಯ ಎತ್ತರದ ಕಟ್ಟಡಕ್ಕೆ ಒಯ್ದರೆ 1001ನೆಯ ಫ್ಲ್ಯಾಟು 101ಕ್ಕಿಂತ ಮುಂಚೆ ಬಂದು ಕೂರುತ್ತದೆ. ಪರೀಕ್ಷೆ ಮಾಡಿದ್ದು ಚಿಕ್ಕ ಕಟ್ಟಡದಲ್ಲಿ, ತಪ್ಪು ಕಾಣಿಸಿದ್ದು ದೊಡ್ಡದರಲ್ಲಿ.

ಕೋಟ್ ಮಾರ್ಕಿಗೆ ಬರೋಣ. ಜಾವಾಸ್ಕ್ರಿಪ್ಟಿನಲ್ಲಿ ಒಂಟಿಗೂ ಜೋಡಿಗೂ ವ್ಯತ್ಯಾಸವಿಲ್ಲ, ಯಾವುದಾದರೊಂದನ್ನು ಹಿಡಿದುಕೊಳ್ಳಿ. ಪಿಎಚ್‌ಪಿಯಲ್ಲಿ ವ್ಯತ್ಯಾಸವಿದೆ: ಜೋಡಿ ಕೋಟಿನೊಳಗೆ ಡಾಲರ್ ಚಿಹ್ನೆಯ ಚರ ಬರೆದರೆ ಅದರ ಮೌಲ್ಯ ಬಂದು ಕೂರುತ್ತದೆ, ಒಂಟಿ ಕೋಟಿನೊಳಗೆ ಬರೆದದ್ದು ಬರೆದ ಹಾಗೇ ಉಳಿಯುತ್ತದೆ. ಒಂದೇ ಪ್ರಶ್ನೆಗೆ ಭಾಷೆಗೊಂದು ಉತ್ತರ. ನಮ್ಮ ಕಡೆಯ ಪಟ್ಟಿಗಳಲ್ಲಿ ಶೆಟ್ಟಿ, ಪೂಜಾರಿ, ಕುಲಕರ್ಣಿಗಳ ಜೊತೆ ಮಂಗಳೂರು ಮೂಲದ ಡಿ'ಸೋಜಾ ಇದ್ದೇ ಇರುತ್ತಾರೆ. ಒಂಟಿ ಕೋಟಿನೊಳಗೆ ಆ ಹೆಸರು ಬರೆದರೆ 'ಡಿ' ಆದೊಡನೆ ಪಠ್ಯ ಮುಗಿಯುತ್ತದೆ. ನೀವೇ ಬರೆದ ಕೋಡಿನಲ್ಲಾದರೆ ಕೆಂಪಕ್ಷರ ಬರುತ್ತದೆ, ಚಿಂತೆಯಿಲ್ಲ. ಬಳಕೆದಾರರು ತುಂಬಿದ ಹೆಸರನ್ನು ಡೇಟಾಬೇಸಿನ ಆಜ್ಞೆಯೊಳಗೆ ಹಾಗೇ ಜೋಡಿಸಿದಾಗ ಮಾತ್ರ ವಿಷಯ ಗಂಭೀರ. ಡಿ'ಸೋಜಾ ಅವರಿಗೆ ಸದಸ್ಯತ್ವವೇ ಸಿಗುವುದಿಲ್ಲ. ಕೆಟ್ಟ ಬುದ್ಧಿಯವರಿಗೆ ಅದೇ ಸಂದಿಯಲ್ಲಿ ತಮ್ಮ ಆಜ್ಞೆ ತೂರಿಸಲು ದಾರಿ ಸಿಗುತ್ತದೆ. ಆಜ್ಞೆಯನ್ನು ಮೊದಲೇ ಸಿದ್ಧಪಡಿಸಿ, ಮೌಲ್ಯವನ್ನು ಬೇರೆಯಾಗಿ ಕಳಿಸುವ 'ಪ್ರಿಪೇರ್ಡ್ ಸ್ಟೇಟ್‌ಮೆಂಟ್' ಕಲಿಯದೆ ಯಾರೂ ಸಾರ್ವಜನಿಕ ಪುಟ ಮಾಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕೋಟಿನದೇ ಇನ್ನೊಂದು ಕಾಟ ವಾಟ್ಸಾಪಿನಿಂದ ಬರುತ್ತದೆ. ಕೋಡ್ ಹಂಚಿಕೊಳ್ಳುವುದು ಈಗ ಹೆಚ್ಚಾಗಿ ಅಲ್ಲೇ. ಕೆಲವು ಫೋನುಗಳ ಕೀಬೋರ್ಡು ನೇರ ಕೋಟನ್ನು ಅಂದದ ಬಾಗು ಕೋಟಾಗಿ ಬದಲಿಸುತ್ತದೆ. ವರ್ಡ್ ಕಡತದಲ್ಲಿ ಬರೆದಿಟ್ಟರೂ ಅದೇ ಗತಿ. ಯಂತ್ರಕ್ಕೆ ಬಾಗು ಕೋಟು ಕೋಟೇ ಅಲ್ಲ. ಸಾಲದ್ದಕ್ಕೆ ನಕ್ಷತ್ರ ಚಿಹ್ನೆ, ಅಡಿಗೆರೆಗಳನ್ನು ವಾಟ್ಸಾಪ್ ದಪ್ಪ ಅಕ್ಷರ, ಓರೆ ಅಕ್ಷರಗಳ ಸೂಚನೆಯೆಂದು ತಿಳಿದು ಕಣ್ಣಿಗೆ ಕಾಣದಂತೆ ಮಾಡುತ್ತದೆ. ಸ್ಕ್ರೀನ್ ನೋಡಿಕೊಂಡು ಟೈಪು ಮಾಡುವ ತಮ್ಮನಿಗೆ ಗುಣಾಕಾರದ ಚಿಹ್ನೆಯೇ ಸಿಗುವುದಿಲ್ಲ. ಕೋಡಿನ ಹಿಂದೆ ಮುಂದೆ ಮೂರು ಮೂರು ಬ್ಯಾಕ್‌ಟಿಕ್ ಹಾಕಿ ಕಳಿಸಿದರೆ ಚಿಹ್ನೆಗಳು ಉಳಿಯುತ್ತವೆ.

ತಾರೀಖು ಕೆಡುವ ರೀತಿ ನನ್ನನ್ನು ಹೆಚ್ಚು ಕಾಡುತ್ತದೆ, ಏಕೆಂದರೆ ಅದು ವರ್ಷದ ಕೆಲವು ದಿನಗಳಲ್ಲಿ ಮಾತ್ರ ಕಾಣಿಸಿಕೊಳ್ಳುತ್ತದೆ. ಕನ್ನಡ ಸಂಘದ ಪುಟದಲ್ಲಿ ರಾಜ್ಯೋತ್ಸವದ ದಿನವನ್ನು 01/11/2025 ಎಂದು ನಮ್ಮ ರೂಢಿಯಂತೆ ಬರೆದು ಜಾವಾಸ್ಕ್ರಿಪ್ಟಿಗೆ ಕೊಟ್ಟರೆ, ಪ್ರಮುಖ ಬ್ರೌಸರ್‌ಗಳೆಲ್ಲ ಅಮೆರಿಕದ ಕ್ರಮದಲ್ಲಿ ತಿಂಗಳನ್ನು ಮೊದಲು ಓದುತ್ತವೆ. ನವೆಂಬರ್ ಒಂದು ಜನವರಿ ಹನ್ನೊಂದಾಗುತ್ತದೆ. 25/11 ಎಂದು ಕೊಟ್ಟಿದ್ದರೆ ಇಪ್ಪತ್ತೈದನೆಯ ತಿಂಗಳಿಲ್ಲವಾದ್ದರಿಂದ ತಪ್ಪು ತಕ್ಷಣ ಬಯಲಾಗುತ್ತಿತ್ತು. ತಿಂಗಳ ಮೊದಲ ಹನ್ನೆರಡು ದಿನಗಳು ಮಾತ್ರ ಹೀಗೆ ಮೋಸ ಮಾಡುತ್ತವೆ. ವರ್ಷ, ತಿಂಗಳು, ದಿನಗಳನ್ನು ಬಿಡಿಬಿಡಿಯಾಗಿ ಕೊಡುವ ದಾರಿಯಲ್ಲಿ ಬೇರೊಂದು ಸಿಕ್ಕು: ಅಲ್ಲಿ ತಿಂಗಳ ಎಣಿಕೆ ಸೊನ್ನೆಯಿಂದ, ಜನವರಿ 0, ನವೆಂಬರ್ 10. 1995ರಲ್ಲಿ ಜಾವಾ ಭಾಷೆಯಿಂದ ಹಾಗೇ ಎತ್ತಿಕೊಂಡದ್ದು ಇಂದಿಗೂ ಉಳಿದಿದೆ. ಸುರಕ್ಷಿತ ರೂಪ 2025-11-01.

ಇಲ್ಲಿಯವರೆಗಿನದು ಎಲ್ಲರ ಪಾಡು. ಕನ್ನಡ ಪಠ್ಯ ಇಟ್ಟುಕೊಂಡು ಕೆಲಸ ಮಾಡುವವರಿಗೆ ಇನ್ನೊಂದಿದೆ, ಅದನ್ನು ಯಾವ ಕ್ಲಾಸಿನಲ್ಲೂ ಹೇಳುವುದನ್ನು ನಾನು ಕೇಳಿಲ್ಲ. ಕೋಟ್ಯಾನ್ ಎಂಬ ಕುಲನಾಮ ತೆಗೆದುಕೊಳ್ಳಿ. ಕಣ್ಣಿಗೆ ಎರಡು ಅಕ್ಷರ ಮತ್ತು ಒಂದು ಅರ್ಧಾಕ್ಷರ ಎನ್ನುವಂತೆ ತೋರುವುದನ್ನು ಜಾವಾಸ್ಕ್ರಿಪ್ಟ್ 8 ಎಂದು ಎಣಿಸುತ್ತದೆ. ಓತ್ವ, ದೀರ್ಘ, ವಿರಾಮ ಪ್ರತಿಯೊಂದೂ ಯುನಿಕೋಡಿನಲ್ಲಿ ಬೇರೆ ಬೇರೆ ಸಂಕೇತ. 'ಹೆಸರು ಹತ್ತು ಅಕ್ಷರ ಮೀರಬಾರದು' ಎಂಬ ನಿರ್ಬಂಧ ಕನ್ನಡದ ಹೆಸರುಗಳನ್ನು ನಡುವೆಯೇ ಕತ್ತರಿಸುವುದು ಹೀಗೆ. ಅದಕ್ಕಿಂತ ಸೂಕ್ಷ್ಮವಾದದ್ದು ಓತ್ವದ್ದು. 'ೋ' ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಇಡಬಹುದು; ಎತ್ವ, ಊತ್ವ, ದೀರ್ಘ ಎಂದು ಮೂರು ಸಂಕೇತಗಳನ್ನು ಜೋಡಿಸಿಯೂ ಇಡಬಹುದು. ಯುನಿಕೋಡ್ ಎರಡನ್ನೂ ಒಂದೇ ಎಂದು ಮಾನ್ಯ ಮಾಡಿದೆ, ಪರದೆಯ ಮೇಲೆ ಎರಡೂ ಒಂದೇ. ಆದರೆ === ಎರಡನ್ನು ಬೇರೆ ಎನ್ನುತ್ತದೆ, ಜೋಡಣೆಯ ರೂಪದಲ್ಲಿ ಉದ್ದ 8ರ ಬದಲು 10. 'ಅಮೀನ್' ಎಂಬಲ್ಲಿನ ಈತ್ವಕ್ಕೂ ಹೀಗೇ ಎರಡು ರೂಪ, ಡೊಂಬಿವಲಿಯ ಒತ್ವಕ್ಕೂ ಎರಡು. ಹಳೆಯ ಫಾಂಟುಗಳಿಂದ ಪರಿವರ್ತಿಸಿದ ಸದಸ್ಯರ ಪಟ್ಟಿಯಲ್ಲಿ ಇಂಥ ರೂಪ ಸೇರಿಕೊಂಡಿದ್ದರೆ, ಹುಡುಕಿದಾಗ ಕೋಟ್ಯಾನ್ ಎಂಬ ಸದಸ್ಯರೇ ಇಲ್ಲ ಎಂದು ಬರುತ್ತದೆ, ಪಟ್ಟಿಯಲ್ಲಿ ನೋಡಿದರೆ ಇದ್ದಾರೆ. 2015ರ ಜೂನ್‌ನಲ್ಲಿ ಬಂದ ಆವೃತ್ತಿಯಿಂದ ಜಾವಾಸ್ಕ್ರಿಪ್ಟಿನಲ್ಲಿ 'ನಾರ್ಮಲೈಸ್' ಎಂಬ ಸೌಲಭ್ಯವಿದೆ. ಹೋಲಿಸುವ ಮುನ್ನ ಎರಡೂ ಬದಿಗೆ ಅದನ್ನು ಹಚ್ಚಿದರೆ ಸರಿಹೋಗುತ್ತದೆ. 'ರಾಜ್‌ಕುಮಾರ್' ಎಂಬಂಥ ಹೆಸರಿನ ನಡುವೆ ಒತ್ತಕ್ಷರ ಆಗದಂತೆ ತಡೆಯಲು ಹಾಕುವ ಕಾಣದ ಸಂಕೇತವನ್ನು ಮಾತ್ರ ಅದು ತೆಗೆಯುವುದಿಲ್ಲ, ಅದನ್ನು ನಾವೇ ತೆಗೆದು ಹೋಲಿಸಬೇಕು. ಅಕಾರಾದಿ ಜೋಡಣೆಗೆ ಬರೀ 'ಸಾರ್ಟ್' ಸಾಲದು, ಭಾಷೆ ಕನ್ನಡವೆಂದು ಹೇಳಿ 'ಲೊಕೇಲ್‌ಕಂಪೇರ್' ಬಳಸಬೇಕು.

ಕಂಪ್ಯೂಟರಿನ ಕನ್ನಡಕ್ಕೂ ಮುಂಬಯಿಗೂ ಹಳೆಯ ನಂಟಿದೆ ಎಂಬುದನ್ನು ಈ ಮಕ್ಕಳಿಗೆ ಹೇಳಬೇಕು. ಕನ್ನಡದ ಪ್ರಮಾಣಿತ ಕೀಲಿಮಣೆಗೆ ಮೂಲವಾದ ವಿನ್ಯಾಸ ಕೊಟ್ಟ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ದುಡಿದದ್ದು ಇಲ್ಲಿನ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ, ಟಾಟಾ ಪ್ರೆಸ್‌ನಲ್ಲಿ. 1996ರಲ್ಲಿ 'ವಿಶ್ವಕನ್ನಡ' ಜಾಲತಾಣ ಆರಂಭಿಸಿದ ಡಾ. ಯು.ಬಿ. ಪವನಜ ಅವರು ಭಾಭಾ ಪರಮಾಣು ಸಂಶೋಧನ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದವರು. ಮಕ್ಕಳು ಕನ್ನಡದ ಆಜ್ಞೆಗಳಲ್ಲೇ ಪ್ರೋಗ್ರಾಮ್ ಬರೆಯಬಹುದಾದ ಕನ್ನಡ ಲೋಗೋವನ್ನೂ ಅವರು ರೂಪಿಸಿದರು. ಜಾವಾಸ್ಕ್ರಿಪ್ಟಿನಲ್ಲೂ ಆಜ್ಞೆಗಳು ಇಂಗ್ಲಿಷಿನವಾದರೂ ಚರಗಳಿಗೆ 'ಬಾಕಿ', 'ದಂಡ' ಎಂದು ಕನ್ನಡ ಲಿಪಿಯಲ್ಲೇ ಹೆಸರಿಡಲು ಅಡ್ಡಿಯಿಲ್ಲ, ಪಿಎಚ್‌ಪಿಯಲ್ಲೂ ಇಲ್ಲ. ಕಲಿಯುವ ಮೊದಲ ತಿಂಗಳಲ್ಲಿ ಹೀಗೆ ಬರೆದರೆ ಒಳ್ಳೆಯದೆಂದೇ ನಾನು ಹೇಳುತ್ತೇನೆ: ಯಾವ ಪದ ಭಾಷೆಯದು, ಯಾವುದು ನಾನಿಟ್ಟದ್ದು ಎಂಬುದು ಲಿಪಿಯಿಂದಲೇ ತಿಳಿಯುತ್ತದೆ. ಹೊಸಬರನ್ನು ಹೆಚ್ಚು ಗೊಂದಲಕ್ಕೀಡುಮಾಡುವುದು ಇದೇ ವ್ಯತ್ಯಾಸ. ಐರೋಲಿಯ ಕಚೇರಿಯಲ್ಲಿ ಪಕ್ಕದವರೂ ಓದಬೇಕಾದ್ದರಿಂದ ಅಲ್ಲಿ ಇಂಗ್ಲಿಷ್ ಹೆಸರೇ ಸರಿ. ಹೆಸರಿನ ನಡುವೆ ಅಡ್ಡಗೆರೆ ಮಾತ್ರ ಬೇಡ, ಯಂತ್ರ ಅದನ್ನು ಕಳೆಯುವ ಚಿಹ್ನೆಯೆಂದು ಓದುತ್ತದೆ.

ಉಳಿದ ಜಗಳಗಳ ಬಗ್ಗೆ ಹೆಚ್ಚು ಮಾತು ಬೇಡ. ಎರಡು ಸ್ಪೇಸೋ ನಾಲ್ಕೋ ಎಂಬುದನ್ನು 2017ರಲ್ಲಿ ಬಂದ ಪ್ರೆಟಿಯರ್‌ನಂಥ ಸಲಕರಣೆಗಳು ನಿರ್ಧರಿಸಲಿ. ಕಡತ ಉಳಿಸಿದೊಡನೆ ಅವೇ ಜೋಡಿಸಿಕೊಡುತ್ತವೆ. ಪಿಎಚ್‌ಪಿಯವರಿಗೆ 2019ರ ಪಿಎಸ್‌ಆರ್-12 ಶೈಲಿಸೂತ್ರ ನಾಲ್ಕು ಎಂದು ಹೇಳಿ ಮುಗಿಸಿದೆ. ಟ್ಯಾಬಿನ ಪರವಾಗಿ ಒಂದು ಮಾತು ಮಾತ್ರ ನ್ಯಾಯವಾದದ್ದು: ಕಣ್ಣು ಮಂದವಿರುವವರು ಅದರ ಅಗಲವನ್ನು ತಮಗೆ ಬೇಕಾದಂತೆ ಹೊಂದಿಸಿಕೊಳ್ಳಬಹುದು. ಚರಗಳನ್ನು ಘೋಷಿಸುವಾಗ 'ವಾರ್' ಬಿಟ್ಟುಬಿಡಿ, 'ಕಾನ್ಸ್ಟ್' ಬಳಸಿ, ಬದಲಾಗುವ ಕಡೆ 'ಲೆಟ್'. ಒಂದೇ ಸಾಲಿನ 'ಇಫ್' ಆದರೂ ಕರ್ಲಿ ಬ್ರಾಕೆಟ್ ಹಾಕಿ ಎಂಬುದನ್ನು ಮಾತ್ರ ಅಭಿರುಚಿಯ ಪಟ್ಟಿಗೆ ಸೇರಿಸಬೇಡಿ. 2014ರ ಫೆಬ್ರುವರಿಯಲ್ಲಿ ಆಪಲ್ ಕಂಪನಿ ತುರ್ತಾಗಿ ತಿದ್ದಿದ ದೋಷವೊಂದಿತ್ತು. ಸಿ ಭಾಷೆಯ ಆ ಕೋಡಿನಲ್ಲಿ 'ಇಫ್' ಕೆಳಗೆ ಒಂದೇ ಸಾಲು ಎರಡು ಸಲ ಬಿದ್ದಿತ್ತು, ಬ್ರಾಕೆಟ್ ಇರಲಿಲ್ಲ. ಒಳಸರಿಸಿ ಬರೆದದ್ದರಿಂದ ಎರಡನೆಯದೂ 'ಇಫ್'ಗೇ ಸೇರಿದ್ದೆಂದು ಕಣ್ಣಿಗೆ ಕಾಣುತ್ತಿತ್ತು. ಯಂತ್ರ ಮಾತ್ರ ಅದನ್ನು ಪ್ರತಿಸಲವೂ ಓಡಿಸಿ, ಸುರಕ್ಷಿತ ಸಂಪರ್ಕದ ಕೊನೆಯ ಪರೀಕ್ಷೆಯನ್ನು ಹಾರಿಸಿಬಿಡುತ್ತಿತ್ತು. ಐಫೋನುಗಳೂ ಮ್ಯಾಕ್ ಕಂಪ್ಯೂಟರುಗಳೂ ನಕಲಿ ತಾಣವನ್ನು ಅಸಲಿಯೆಂದು ಒಪ್ಪುವಂತಾಗಿತ್ತು.

ಇವನ್ನೆಲ್ಲ ನೆನಪಿನಲ್ಲಿಟ್ಟುಕೊಳ್ಳುವ ಕೆಲಸಕ್ಕೂ ಸಲಕರಣೆಯಿದೆ. 2013ರಲ್ಲಿ ನಿಕೊಲಸ್ ಜಾಕಸ್ ಆರಂಭಿಸಿದ ಇಎಸ್‌ಲಿಂಟ್ ಕೋಡನ್ನು ಓಡಿಸದೆಯೇ ಓದಿ ಎಚ್ಚರಿಸುತ್ತದೆ. ಕಂಪನಿಗಳಲ್ಲಿ ಇಂಥದ್ದು ಬಾಗಿಲಲ್ಲೇ ಇರುತ್ತದೆ, ಅದು ಒಪ್ಪದ ಕೋಡ್ ಒಳಗೆ ಸೇರುವುದಿಲ್ಲ. ಕೆಲಸಕ್ಕೆ ಸೇರಿದ ಮೇಲೆ ಮೊದಲ ಸಲ ಅದನ್ನು ಕಾಣುವ ನಮ್ಮ ಮಕ್ಕಳಿಗೆ ಅದು ಕಾಟವೆನಿಸುತ್ತದೆ. ಕಲಿಯುವ ಮೊದಲ ದಿನವೇ ಹಾಕಿಕೊಟ್ಟರೆ ಹಾಗಾಗದು. ಒಂದಾನೊಂದು ಕಾಲದಲ್ಲಿ ಹಗಲು ಹೋಟೆಲಿನಲ್ಲಿ ದುಡಿದ ಹುಡುಗರಿಗಾಗಿ ಮುಂಬಯಿಯ ಕನ್ನಡಿಗರು ರಾತ್ರಿ ಶಾಲೆಗಳನ್ನು ನಡೆಸಿದರು; ಡೊಂಬಿವಲಿಯ ಕರ್ನಾಟಕ ಸಂಘ ಮಂಜುನಾಥ ವಿದ್ಯಾಲಯವನ್ನೇ ನಡೆಸುತ್ತಿದೆ. ಭಾನುವಾರ ಒಂದೆರಡು ತಾಸು ಸಂಘದ ಕೋಣೆಯಲ್ಲಿ ಹಳಬರು ಹೊಸಬರಿಗೆ ಕನ್ನಡದಲ್ಲಿ ಇದನ್ನು ಹೇಳಿಕೊಡಲು ಹೊಸ ಕಟ್ಟಡವೇನೂ ಬೇಕಿಲ್ಲ. ಮೊದಲ ಪಾಠ ಕೆಂಪಕ್ಷರ ಓದುವುದೇ ಆಗಲಿ: ಅದು ತೋರಿಸುವ ಸಾಲು ಯಂತ್ರ ಕೈಚೆಲ್ಲಿದ ಸಾಲು, ತಪ್ಪು ನಡೆದದ್ದು ಎಷ್ಟೋ ಸಲ ಅದಕ್ಕಿಂತ ಮೇಲೆ, ಮುಚ್ಚದೆ ಬಿಟ್ಟ ಬ್ರಾಕೆಟ್ಟು ಇರುವ ಕಡೆ. ಎರಡನೆಯ ಪಾಠಕ್ಕೆ ಸಂಘದ್ದೇ ಸದಸ್ಯತ್ವದ ಪುಟವನ್ನು ಎದುರಿಗಿಟ್ಟುಕೊಂಡು, ಹಣದ ಪೆಟ್ಟಿಗೆಯನ್ನು ಖಾಲಿ ಬಿಟ್ಟು ಸಲ್ಲಿಸಿ ನೋಡಬಹುದು.